ಕಣಕ ತೊಳೆದಾಗ ಉಳಿಯುವುದು

(ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಕೇಳಿದವರು ಬರೆದು ಕೊಡಿ ಅಂದಿದ್ದಕ್ಕೆ ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಬೋಗುಣಿಯಲ್ಲಿ ನೀರಿದೆ, ಪಕ್ಕದಲ್ಲಿ ಎರಡು ಹಿಟ್ಟಿನ ಉಂಡೆ. ಒಂದು ಗೋಧಿ ಹಿಟ್ಟಿನದು, ಇನ್ನೊಂದು ರಾಗಿ ಹಿಟ್ಟಿನದು. ಎರಡನ್ನೂ ಮನೆಯಲ್ಲೇ ಕಲಸಿ, ಅರ್ಧ ಗಂಟೆ ಮುಚ್ಚಿಟ್ಟು ತಂದಿದ್ದೇನೆ. ಮುಂದಿನ ಸಾಲಿನ ಅಮ್ಮ, ನೀವೊಬ್ಬರು ಬನ್ನಿ. ಗೋಧಿ ಉಂಡೆಯನ್ನು ನೀರಿನೊಳಗೆ ಹಿಡಿದು ಮೆಲ್ಲಗೆ ಹಿಸುಕುತ್ತಾ ಇರಿ. ನಾನು ಮಾತಾಡುತ್ತಿರುತ್ತೇನೆ.

ನಾನು ಡಾಕ್ಟರ್ ಅಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಇವತ್ತಿನ ವಿಷಯ ಸೀಲಿಯಾಕ್, ಅಂದರೆ ಕೆಲವರಿಗೆ ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ. ಇದಕ್ಕೆ ನನ್ನನ್ನು ಎಳೆದು ತಂದವಳು ನನ್ನ ತಂಗಿ.

ಅವಳು ಕೆಲಸ ಸಿಕ್ಕಿ ಗುರುಗ್ರಾಮಕ್ಕೆ ಹೋದಾಗ ಇಪ್ಪತ್ನಾಲ್ಕು ವರ್ಷ. ಅದಕ್ಕೂ ಸ್ವಲ್ಪ ಮೊದಲು ಥೈರಾಯ್ಡ್ ಶುರುವಾಗಿತ್ತು, ಮಾತ್ರೆ ತಗೋತಿದ್ದಳು. ಅಲ್ಲಿ ಪಿಜಿಯಲ್ಲಿ ಬೆಳಗ್ಗೆ ಪರಾಠಾ, ಮಧ್ಯಾಹ್ನ ರೊಟ್ಟಿ, ರಾತ್ರಿ ಮತ್ತೆ ರೊಟ್ಟಿ. ಇಲ್ಲಿ ರೊಟ್ಟಿ ಅಂದರೆ ಜೋಳದ್ದು, ಅಲ್ಲಿ ಗೋಧಿಯದು. ಎರಡು ವರ್ಷ ಕಳೆಯುವಷ್ಟರಲ್ಲಿ ಹುಡುಗಿ ಬಿಳುಚಿಕೊಂಡಿದ್ದಳು. ಹಿಮೋಗ್ಲೋಬಿನ್ ಏಳಕ್ಕೆ ಬಂದಿತ್ತು. ಕಬ್ಬಿಣದ ಮಾತ್ರೆ ಕೊಟ್ಟರು, ಏರಲಿಲ್ಲ. ಬಾಯಿ ಹುಣ್ಣು ಹೋಗಿ ಹೋಗಿ ಬರುತ್ತಿತ್ತು. ಕೂದಲು ಉದುರುತ್ತಿತ್ತು. ಥೈರಾಯ್ಡ್ ಮಾತ್ರೆ 50 ಇದ್ದದ್ದು 75 ಆಯಿತು, 100 ಆಯಿತು, 125 ಆಯಿತು. ರಿಪೋರ್ಟ್ ಮಾತ್ರ ಹಾಗೇ. ನಮ್ಮಮ್ಮ ಫೋನಿನಲ್ಲಿ ಬೈಯುತ್ತಿದ್ದರು: "ಹೊತ್ತಿಗೆ ಸರಿಯಾಗಿ ಉಣ್ಣಲ್ಲ ನೀನು, ಅದಕ್ಕೇ ಹಿಂಗಾಗಿರೋದು." ಆ ಬೈಗುಳ ನೆನೆಸಿಕೊಂಡರೆ ಅಮ್ಮನಿಗೆ ಈಗಲೂ ಕಣ್ಣು ತುಂಬುತ್ತದೆ. ಅವಳು ಉಣ್ಣುತ್ತಿದ್ದಳು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ರಜಕ್ಕೆ ಬಂದಾಗ ಇಲ್ಲಿನ ಒಬ್ಬ ವೈದ್ಯರ ಹತ್ತಿರ ಹೋದೆವು. ಇದು ಸೀಲಿಯಾಕ್ ಇರಬಹುದಾ ಅಂತ ನಾನೇ ಕೇಳಿದೆ. "ಅದು ಪಂಜಾಬಿನ ಕಡೆಯವರಿಗೆ ಬರೋದು, ನಮ್ಮವರಿಗೆ ಬರಲ್ಲ" ಅಂದರು. ಆ ಒಂದು ಮಾತು ನಂಬಿ ಹನ್ನೊಂದು ತಿಂಗಳು ಕಳೆದೆವು. ಕೊನೆಗೆ ಅವಳಿದ್ದ ಕಡೆಯೇ ರಕ್ತ ಪರೀಕ್ಷೆ ಮಾಡಿದರು, ಎಂಡೋಸ್ಕೋಪಿ ಮಾಡಿದರು. ಸೀಲಿಯಾಕ್ ಅಂತಲೇ ಬಂತು.

ಅಮ್ಮ, ಈಗ ಕೈ ಮೇಲೆತ್ತಿ ತೋರಿಸಿ. ನೀರು ಹಾಲಿನಂತೆ ಬೆಳ್ಳಗಾಗಿದೆ, ಅದು ಪಿಷ್ಟ. ಕೈಯಲ್ಲಿ ಏನು ಉಳಿದಿದೆ ನೋಡಿ. ಎಳೆದರೆ ರಬ್ಬರಿನಂತೆ ಬರುತ್ತೆ, ಬಿಟ್ಟರೆ ಹಿಂದಕ್ಕೆ ಹೋಗುತ್ತೆ. ಇದೇ ಗ್ಲುಟೆನ್. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು, ಪರೋಟ ಪದರ ಪದರವಾಗಿ ಏಳುವುದು, ಬ್ರೆಡ್ ಉಬ್ಬುವುದು ಎಲ್ಲ ಇದರಿಂದ. ಈಗ ರಾಗಿ ಉಂಡೆ ಹಿಸುಕಿ. ಪೂರಾ ಕರಗಿ ಹೋಯಿತು ಅಲ್ವಾ? ಕೈಯಲ್ಲಿ ಏನೂ ಉಳಿಯಲಿಲ್ಲ. ಜೋಳದ ಹಿಟ್ಟಿನದೂ ಇದೇ ಕತೆ. ಅದಕ್ಕೇ ಜೋಳದ ರೊಟ್ಟಿ ಸುಲಭವಾಗಿ ಲಟ್ಟಿಸಲು ಬರುವುದಿಲ್ಲ, ಬಿಸಿನೀರಿನಲ್ಲಿ ಕಲಸಿ ತಟ್ಟಬೇಕು. ನಮ್ಮ ಅಜ್ಜಿಯರ ಕೈಗೆ ಈ ವ್ಯತ್ಯಾಸ ಮೊದಲಿನಿಂದಲೂ ಗೊತ್ತಿತ್ತು.

ಈ ರಬ್ಬರಿನಂಥ ಪ್ರೋಟೀನನ್ನು ನಮ್ಮ ಹೊಟ್ಟೆಯ ರಸಗಳು ಪೂರ್ತಿ ಒಡೆಯಲಾರವು. ಯಾರ ಹೊಟ್ಟೆಯಲ್ಲೂ ಅಷ್ಟೇ, ನಿಮ್ಮದರಲ್ಲೂ, ನನ್ನದರಲ್ಲೂ. ಕೆಲವು ತುಣುಕುಗಳು ಉಳಿದೇ ಉಳಿಯುತ್ತವೆ. ಅದರಲ್ಲಿ 33 ಅಮೈನೋ ಆಮ್ಲಗಳ ಒಂದು ಉದ್ದನೆಯ ತುಣುಕು ತುಂಬಾ ಗಟ್ಟಿ. 2002ರಲ್ಲಿ ಅದನ್ನು ಗುರುತಿಸಿದರು. ಹೆಚ್ಚಿನವರಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಸೀಲಿಯಾಕ್ ಇರುವವರಲ್ಲಿ ಈ ತುಣುಕು ಸಣ್ಣ ಕರುಳಿನ ಗೋಡೆಯೊಳಗೆ ಸೇರಿದಾಗ ಅಲ್ಲಿರುವ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅದನ್ನು ಸ್ವಲ್ಪ ಬದಲಿಸುತ್ತದೆ. ಹೆಸರು ಉದ್ದ ಆಯಿತು, ಟಿಟಿಜಿ ಅಂತಲೇ ಕರೆಯೋಣ. ಬದಲಾದ ತುಣುಕು ನಮ್ಮ ರೋಗನಿರೋಧಕ ಕಣಗಳ ಮೈಮೇಲಿನ ಒಂದು ಅಣುವಿಗೆ ಸರಿಯಾಗಿ ಕೂತುಬಿಡುತ್ತದೆ. ಆ ಅಣು ಅದನ್ನು ಎತ್ತಿ ಹಿಡಿದು ಕಾವಲು ಕಣಗಳಿಗೆ ತೋರಿಸುತ್ತದೆ. ಕಾವಲು ಕಣಗಳು ಶತ್ರು ಬಂದ ಅಂತ ತಿಳಿದು ಯುದ್ಧಕ್ಕೆ ನಿಲ್ಲುತ್ತವೆ. ಪೆಟ್ಟು ಬೀಳುವುದು ನಮ್ಮದೇ ಕರುಳಿಗೆ. ಅಷ್ಟೇ ಅಲ್ಲ, ನಮ್ಮ ಸ್ವಂತ ಟಿಟಿಜಿಯ ವಿರುದ್ಧವೇ ದೇಹ ಪ್ರತಿಕಾಯಗಳನ್ನು, ಅಂದರೆ ಶತ್ರುವಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಮಾಡುತ್ತದೆ. 1997ರಲ್ಲಿ ಬರ್ಲಿನ್‌ನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಇವತ್ತು ಲ್ಯಾಬಿನಲ್ಲಿ ಮಾಡುವ ಟಿಟಿಜಿ ಪರೀಕ್ಷೆ ಅಲ್ಲಿಂದ ಬಂದದ್ದು.

ಕರುಳಿನ ಒಳಮೈ ಹೊಸ ಕಂಬಳಿಯಂತೆ ಜುಂಗು ಜುಂಗಾಗಿರುತ್ತದೆ. ಆ ಜುಂಗುಗಳಿಗೆ ವಿಲ್ಲೈ ಅಂತ ಹೆಸರು. ಆಹಾರದ ಸಾರ ಹೀರುವುದು ಅವೇ. ಈ ಕಾಯಿಲೆಯಲ್ಲಿ ಜುಂಗು ಸವೆದು ಕಂಬಳಿ ಬೋಳಾಗುತ್ತದೆ. ಮೊದಲ ಪೆಟ್ಟು ಸಣ್ಣ ಕರುಳಿನ ಮೇಲ್ಭಾಗಕ್ಕೆ. ಕಬ್ಬಿಣಾಂಶ ಒಳಗೆ ಸೇರುವುದೂ ಅಲ್ಲೇ. ನನ್ನ ತಂಗಿಗೆ ಮಾತ್ರೆ ಮೇಲೆ ಮಾತ್ರೆ ಕೊಟ್ಟರೂ ರಕ್ತ ಏರದಿದ್ದದ್ದು ಇದಕ್ಕೆ. ಥೈರಾಯ್ಡ್ ಮಾತ್ರೆಯೂ ಅದೇ ಕರುಳಿನಿಂದ ಒಳಗೆ ಹೋಗಬೇಕಲ್ಲ? ಡೋಸ್ ಏರುತ್ತಲೇ ಹೋದದ್ದು ಒಂದು ಸುಳಿವಾಗಿತ್ತು. ನಮಗೆ ಗೊತ್ತಾಗಲಿಲ್ಲ.

ಭೇದಿ, ಹೊಟ್ಟೆ ಉಬ್ಬರ ಇದ್ದರೆ ಮಾತ್ರ ಸೀಲಿಯಾಕ್ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ತಂಗಿಗೆ ಭೇದಿ ಆಗಲೇ ಇಲ್ಲ. ಮಗು ಎತ್ತರ ಬೆಳೆಯದಿರುವುದು, ಹುಡುಗಿ ಮೈನೆರೆಯುವುದು ತಡವಾಗುವುದು, ಚಿಕ್ಕ ವಯಸ್ಸಿನಲ್ಲೇ ಮೂಳೆ ಟೊಳ್ಳಾಗುವುದು, ಗರ್ಭ ನಿಲ್ಲದಿರುವುದು, ಕಾರಣ ಸಿಗದೆ ಲಿವರ್ ರಿಪೋರ್ಟ್ ಏರುಪೇರಾಗುವುದು, ಇವೆಲ್ಲದರ ಹಿಂದೆಯೂ ಇದು ಇರಬಹುದು.

ಈಗ ಜೀನ್ ವಿಷಯಕ್ಕೆ ಬರುತ್ತೇನೆ. ನಾನು ಇವತ್ತು ಇಲ್ಲಿ ನಿಂತಿರುವುದೇ ಇದಕ್ಕೆ.

ತುಣುಕನ್ನು ಎತ್ತಿ ತೋರಿಸುವ ಆ ಅಣುವಿನ ಹೆಸರು ಎಚ್‌ಎಲ್‌ಎ-ಡಿಕ್ಯೂ. ಅದರ ಜೀನ್‌ಗಳು ಆರನೇ ಕ್ರೋಮೋಸೋಮಿನಲ್ಲಿವೆ. ಒಂದು ಪ್ರತಿ ಅಮ್ಮನಿಂದ, ಒಂದು ಅಪ್ಪನಿಂದ. ಇದರಲ್ಲಿ ಹಲವು ಬಗೆಗಳಿವೆ. ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ಬಗೆಗಳಿಗೆ ಗ್ಲುಟೆನ್ ತುಣುಕು ಸರಿಯಾಗಿ ಕೂರುತ್ತದೆ. ಸೀಲಿಯಾಕ್ ಇರುವ ನೂರು ಜನರನ್ನು ಪರೀಕ್ಷಿಸಿದರೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಡಿಕ್ಯೂ2 ಇರುತ್ತದೆ. ಉಳಿದ ಬಹುತೇಕರಲ್ಲಿ ಡಿಕ್ಯೂ8. ಇವೆರಡೂ ಇಲ್ಲದವರಿಗೆ ಸೀಲಿಯಾಕ್ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಾದರೆ ಜೀನ್ ಇದ್ದವರಿಗೆಲ್ಲ ಕಾಯಿಲೆಯೇ? ಖಂಡಿತ ಅಲ್ಲ. ಈ ಸಭೆಯಲ್ಲಿ ನೂರು ಜನ ಇದ್ದರೆ ಮೂವತ್ತರಿಂದ ನಲವತ್ತು ಜನರಲ್ಲಿ ಈ ಜೀನ್ ಇರುತ್ತದೆ. ಜೀನ್ ಇರುವ ನೂರು ಜನರಲ್ಲಿ ಕಾಯಿಲೆ ಬರುವುದು ಸುಮಾರು ಮೂವರಿಗೆ. ನಮ್ಮ ಮನೆಯಲ್ಲೇ ನೋಡಿ. ತಂಗಿಗೆ ಗೊತ್ತಾದ ಮೇಲೆ ನಾವು ಮೂವರೂ ಜೀನ್ ಪರೀಕ್ಷೆ ಮಾಡಿಸಿಕೊಂಡೆವು. ತಂಗಿಯಲ್ಲಿ ಡಿಕ್ಯೂ2 ಇದೆ, ಕಾಯಿಲೆ ಇದೆ. ನನ್ನಲ್ಲಿ ಡಿಕ್ಯೂ2 ಇದೆ, ಕಾಯಿಲೆ ಇಲ್ಲ. ತಮ್ಮನಲ್ಲಿ ಡಿಕ್ಯೂ2 ಇಲ್ಲ, ಡಿಕ್ಯೂ8 ಕೂಡ ಇಲ್ಲ. ಅವನು ಈ ವಿಷಯದಲ್ಲಿ ನಿಶ್ಚಿಂತೆಯಿಂದ ಇರಬಹುದು. ಜೀನ್ ಪರೀಕ್ಷೆಯ ನಿಜವಾದ ಉಪಯೋಗ ಇದೇ. "ಇಲ್ಲ" ಅಂತ ಬಂದರೆ ಅದು ಗಟ್ಟಿ ಮಾತು. "ಇದೆ" ಅಂತ ಬಂದರೆ ಅದರಿಂದ ತಿಳಿಯುವುದು ತೀರಾ ಕಡಿಮೆ. ಮನೆಗೇ ಕಿಟ್ ತರಿಸಿ ಎಂಜಲು ಕಳಿಸಿ ಜೀನ್ ರಿಪೋರ್ಟ್ ತಗೊಂಡು, ಡಿಕ್ಯೂ2 ಅಂತ ಕಂಡ ತಕ್ಷಣ ಹೆದರಿ ಗೋಧಿ ಬಿಟ್ಟವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಆದರೆ ರಕ್ತಸಂಬಂಧ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನರಿಗೆ, ಮಕ್ಕಳಲ್ಲಿ ಎಂಟು ಜನರಿಗೆ, ಅಪ್ಪ ಅಮ್ಮಂದಿರಲ್ಲಿ ಮೂವರಿಗೆ ಇದು ಸಿಗುತ್ತದೆ. ಒಂದೇ ರೂಪದ ಅವಳಿಗಳಲ್ಲಿ ನಾಲ್ಕರಲ್ಲಿ ಮೂರು ಜೋಡಿಗೆ ಇಬ್ಬರಿಗೂ ಬರುತ್ತದೆ. ಉಳಿದ ಒಂದು ಜೋಡಿಯನ್ನು ನಾನು ಮರೆಯಲಾರೆ. ಜೀನ್‌ಗಳೆಲ್ಲ ಒಂದೇ, ಆದರೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರಲಿಲ್ಲ. ಅಂದರೆ ಜೀನ್ ಬಾಗಿಲು ತೆರೆದಿಡುತ್ತದೆ, ಒಳಗೆ ಬರುವುದು ಬೇರೆ ಯಾವುದೋ.

ಈಗ "ನಮ್ಮವರಿಗೆ ಬರಲ್ಲ" ಅನ್ನುವ ಆ ಮಾತು. 2016ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ನೋಡಿದರು. ಸೀಲಿಯಾಕ್‌ನ ಪ್ರತಿಕಾಯ ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ ಸಿಕ್ಕಿತು. ದಕ್ಷಿಣದಲ್ಲಿ 0.10. ಹನ್ನೆರಡು ಪಟ್ಟು ವ್ಯತ್ಯಾಸ. ಇಷ್ಟು ಕೇಳಿದರೆ ಆ ವೈದ್ಯರ ಮಾತು ಸರಿ ಅನ್ನಿಸುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಜೀನ್ ಕೂಡ ನೋಡಿದ್ದರು. ಡಿಕ್ಯೂ2 ಅಥವಾ ಡಿಕ್ಯೂ8 ಇದ್ದವರು ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36. ಹೆಚ್ಚು ಕಡಿಮೆ ಸಮ. ಬೇರೆ ಇದ್ದದ್ದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ನನ್ನ ತಂಗಿ ರೈಲು ಹತ್ತಿ ಹೋದದ್ದು ಈ 25ರಿಂದ ಆ 455ಕ್ಕೆ.

ಗೋಧಿಯ ಅಳತೆ ಒಂದರಿಂದಲೇ ಎಲ್ಲ ತೀರ್ಮಾನವಾಗುತ್ತದೆ ಅಂತ ಹೇಳಿ ನಾನು ನಿಮ್ಮ ದಾರಿ ತಪ್ಪಿಸಬಾರದು. ಈಶಾನ್ಯದವರು ತಿನ್ನುತ್ತಿದ್ದದ್ದು ಬರೀ 37 ಗ್ರಾಂ, ಆದರೂ ಅಲ್ಲಿ ಪ್ರತಿಕಾಯ 0.87 ಇತ್ತು. ಇನ್ನೊಂದು ಉದಾಹರಣೆ ಫಿನ್‌ಲೆಂಡಿನದು. ಗಡಿಯ ಈಚೆ ಫಿನ್‌ಲೆಂಡ್, ಆಚೆ ರಷ್ಯಾದ ಕರೇಲಿಯ. ಜನರ ಜೀನ್ ಹತ್ತಿರ ಹತ್ತಿರ ಒಂದೇ, ಗೋಧಿ ತಿನ್ನುವುದರಲ್ಲೂ ಕರೇಲಿಯದವರು ಹಿಂದಿಲ್ಲ. 2008ರಲ್ಲಿ ಮಕ್ಕಳನ್ನು ಪರೀಕ್ಷಿಸಿದಾಗ ಫಿನ್‌ಲೆಂಡಿನಲ್ಲಿ 107 ಮಕ್ಕಳಿಗೆ ಒಂದು, ಕರೇಲಿಯದಲ್ಲಿ 496ಕ್ಕೆ ಒಂದು ಸಿಕ್ಕಿತು. ಕರುಳಿನ ಸೋಂಕುಗಳು, ಅಲ್ಲಿ ಮನೆಮಾಡಿರುವ ಸೂಕ್ಷ್ಮಜೀವಿಗಳು, ಬಾಲ್ಯದ ಪರಿಸರ ಇವುಗಳ ಕೈವಾಡವನ್ನು ವಿಜ್ಞಾನಿಗಳು ಹುಡುಕುತ್ತಿರುವುದು ಇಂಥ ಕಾರಣಕ್ಕೆ. ಆದರೆ ಅಳತೆಯನ್ನು ತಳ್ಳಿಹಾಕುವ ಹಾಗೂ ಇಲ್ಲ. ಜೀನ್ ಇರುವ 6,600ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ನಾಲ್ಕು ದೇಶಗಳಲ್ಲಿ ಗಮನಿಸಿ 2019ರಲ್ಲಿ ಹೇಳಿದರು: ಮೊದಲ ಐದು ವರ್ಷದಲ್ಲಿ ಜಾಸ್ತಿ ಗ್ಲುಟೆನ್ ತಿಂದ ಮಕ್ಕಳಿಗೆ ಅಪಾಯವೂ ಜಾಸ್ತಿ.

ನಮ್ಮ ತಟ್ಟೆ ಈಗ ಯಾವ ಕಡೆ ಹೋಗುತ್ತಿದೆ ಅಂತ ನಾನು ಹೇಳಬೇಕಿಲ್ಲ. ರಾತ್ರಿ ಮುದ್ದೆ ಬಿಟ್ಟು ಚಪಾತಿ. ಸಕ್ಕರೆ ಕಾಯಿಲೆ ಬಂತು ಅಂದರೆ ಅನ್ನ ಬಿಟ್ಟು ಚಪಾತಿ. ಮಕ್ಕಳಿಗೆ ಬಿಸ್ಕತ್ತು, ಬನ್ನು, ನೂಡಲ್ಸ್. ಜೀನ್ ನಮ್ಮಲ್ಲಿ ಮೊದಲೇ ಇತ್ತು.

ಗೋಧಿಯೇ ಕಾರಣ ಅಂತ ಗೊತ್ತಾಗಿದ್ದು ಹೇಗೆ ಅನ್ನುವುದನ್ನು ಚಿಕ್ಕದಾಗಿ ಹೇಳುತ್ತೇನೆ. 1887ರಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ಕಾಯಿಲೆಯ ಮೇಲೆ ಉಪನ್ಯಾಸ ಕೊಟ್ಟರು. ಇದು ವಾಸಿಯಾಗುವುದಿದ್ದರೆ ಊಟದಿಂದಲೇ ಅಂದರು. ಯಾವ ಊಟ ಅಂತ ಅವರಿಗೂ ತಿಳಿಯಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು, ಎಲ್ಲರೂ ಬಾಳೆಹಣ್ಣಿನ ಮಹಿಮೆ ಅಂದುಕೊಂಡರು. ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ, ಗುಣ ಬಂದದ್ದು ಅದರಿಂದ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ನೆದರ್‌ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಮಾತ್ರ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನ. 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಭಯಂಕರ ಬರಗಾಲ. ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಬ್ರೆಡ್ ಸಿಗದ ಈ ರೋಗಿ ಮಕ್ಕಳು ಸುಧಾರಿಸಿದರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಕೆಟ್ಟರು. ಅನುಮಾನ ಗಟ್ಟಿಯಾಯಿತು. 1950ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಬರೆದು ತೋರಿಸಿಕೊಟ್ಟರು. ಅಷ್ಟು ಜನ ಸತ್ತ ಚಳಿಗಾಲದಿಂದ ಇಷ್ಟು ಮಕ್ಕಳನ್ನು ಉಳಿಸುವ ಒಂದು ತಿಳಿವಳಿಕೆ ಬಂತು.

ಸೀಲಿಯಾಕ್ ಎಷ್ಟೋ ಸಲ ಒಂಟಿಯಾಗಿ ಬರುವುದಿಲ್ಲ. ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆಗಳಿಗೆ ಆಟೋಇಮ್ಯೂನ್ ಅನ್ನುತ್ತೇವೆ. ಚಿಕ್ಕ ಮಕ್ಕಳಿಗೆ ಬರುವ, ಇನ್ಸುಲಿನ್ ಚುಚ್ಚಲೇಬೇಕಾದ ಟೈಪ್ 1 ಡಯಾಬಿಟಿಸ್ ಅದರಲ್ಲಿ ಒಂದು. ಅದರ ಅಪಾಯ ಹೆಚ್ಚಿಸುವ ಜೀನ್‌ಗಳಲ್ಲೂ ಇದೇ ಡಿಕ್ಯೂ2, ಡಿಕ್ಯೂ8 ಮುಖ್ಯ. ಬೇರು ಒಂದೇ ಕಡೆ ಇದೆ. ಹಾಗಾಗಿ ಟೈಪ್ 1 ಇರುವ ಮಕ್ಕಳಲ್ಲಿ ಸೀಲಿಯಾಕ್ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಥೈರಾಯ್ಡಿನ ಹಾಶಿಮೊಟೊ, ಗ್ರೇವ್ಸ್ ಕಾಯಿಲೆಗಳೂ ಹೀಗೆ ಜೊತೆಯಾಗುತ್ತವೆ. ಲಿವರಿನ ಒಂದು ಬಗೆಯ ಉರಿಯೂತ, ಬಾಯಿ ಕಣ್ಣು ಒಣಗುವ ಶೋಗ್ರೆನ್, ಅಡ್ರಿನಲ್ ಗ್ರಂಥಿಯ ಅಡಿಸನ್ ಕಾಯಿಲೆ ಕೂಡ ಇದೇ ಬಳಗ. ಕ್ರೋಮೋಸೋಮ್ ಏರುಪೇರಿನಿಂದ ಹುಟ್ಟಿನಿಂದಲೇ ಬರುವ ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇರುವವರಲ್ಲೂ ಸೀಲಿಯಾಕ್ ಜಾಸ್ತಿ.

ಚರ್ಮದ್ದೊಂದು ಇದೆ, ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಸಣ್ಣ ಸಣ್ಣ ಗುಳ್ಳೆ, ತಡೆಯಲಾರದ ತುರಿಕೆ. ಕಜ್ಜಿ ಅಂತ ವರ್ಷಗಟ್ಟಲೆ ಮುಲಾಮು ಹಚ್ಚುತ್ತಾರೆ. ಅದು ಸೀಲಿಯಾಕ್ ಚರ್ಮದ ಮೇಲೆ ಕಾಣಿಸಿಕೊಳ್ಳುವ ರೂಪ. ಗೋಧಿ ಬಿಟ್ಟರೆ ನಿಧಾನಕ್ಕೆ ಹೋಗುತ್ತದೆ.

ಇನ್ನು ಪರೀಕ್ಷೆ. ಇವತ್ತು ನನ್ನ ಮಾತಿನಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ: ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ. ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳು ಚೇತರಿಸುತ್ತದೆ, ರಿಪೋರ್ಟ್ ಚೆನ್ನಾಗಿ ಬರುತ್ತದೆ. ಆಮೇಲೆ ಕಾಯಿಲೆ ಇತ್ತೋ ಇಲ್ಲವೋ ತಿಳಿಯಲು ಮತ್ತೆ ವಾರಗಟ್ಟಲೆ ಗೋಧಿ ತಿಂದು ಒದ್ದಾಡಬೇಕು. ಮೊದಲು ಟಿಟಿಜಿ-ಐಜಿಎ ರಕ್ತ ಪರೀಕ್ಷೆ. ಐಜಿಎ ಅನ್ನುವುದು ಪ್ರತಿಕಾಯದ ಒಂದು ಬಗೆ. ಜೊತೆಗೆ ಟೋಟಲ್ ಐಜಿಎ ಕೂಡ ಬರೆಸಿ. ಕೆಲವರ ದೇಹದಲ್ಲಿ ಐಜಿಎ ಅನ್ನುವುದೇ ಇರುವುದಿಲ್ಲ. ಸೀಲಿಯಾಕ್ ಇರುವವರಲ್ಲಿ ಅಂಥವರು ನೂರಕ್ಕೆ ಎರಡು ಮೂರು. ಅವರಿಗೆ ಟಿಟಿಜಿ-ಐಜಿಎ ಸುಳ್ಳೇ ನಾರ್ಮಲ್ ಬರುತ್ತದೆ. ರಕ್ತದಲ್ಲಿ ಸಿಕ್ಕರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ನಾಲ್ಕೈದು ಚೂರು ತೆಗೆದು ನೋಡುತ್ತಾರೆ. ಮಕ್ಕಳಲ್ಲಿ ಟಿಟಿಜಿ ನಾರ್ಮಲ್ ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚಿದ್ದು, ಇನ್ನೊಂದು ಪ್ರತಿಕಾಯವೂ ಸಿಕ್ಕರೆ ಎಂಡೋಸ್ಕೋಪಿ ಇಲ್ಲದೆಯೂ ತಜ್ಞರು ತೀರ್ಮಾನಿಸಬಹುದು. ಬರೀ ಕರುಳಿನ ಚೂರು ನೋಡಿಯೂ ಹೇಳಲಾಗದು. ನಮ್ಮ ಕಡೆ ಟ್ರಾಪಿಕಲ್ ಸ್ಪ್ರೂ ಎಂಬ ಕರುಳಿನ ಕಾಯಿಲೆ, ಜಿಯಾರ್ಡಿಯ ಎಂಬ ಪರಾವಲಂಬಿಯ ಸೋಂಕು ಇವುಗಳಿಂದಲೂ ಜುಂಗು ಸವೆಯುತ್ತದೆ. ಅವಕ್ಕೆ ಔಷಧಿ ಬೇರೆ.

ಸೀಲಿಯಾಕ್‌ಗೆ ಔಷಧಿ ಅಂದರೆ ಪಥ್ಯ, ಜೀವನಪೂರ್ತಿ. ಗೋಧಿ, ಬಾರ್ಲಿ, ರೈ (ಗೋಧಿಯ ಬಳಗದ ಧಾನ್ಯ, ಸಾಸಿವೆ ಅಲ್ಲ) ಮೂರೂ ಬೇಡ. ಖಪ್ಲಿ ಗೋಧಿ ಹಳೇ ತಳಿ, ಅದು ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದೂ ಗೋಧಿಯೇ. ರವೆ, ಮೈದಾ, ಶಾವಿಗೆ ಎಲ್ಲ ಗೋಧಿಯ ಮಕ್ಕಳು. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಪ್ರಸಾದವೂ ರವೆಯದು. ನನ್ನ ತಂಗಿ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುತ್ತಾಳೆ, ತೀರ್ಥ ಮತ್ತು ಬಾಳೆಹಣ್ಣು ತಗೋತಾಳೆ. ಮೊದಮೊದಲು ನೆಂಟರಿಗೆ ಬೇಸರವಾಗುತ್ತಿತ್ತು.

"ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ" ಅಂತೀವಲ್ಲ, ಆ ಇಂಗಿನ ಡಬ್ಬಿಯ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗು ಗೋಧಿ ಹಿಟ್ಟಿನ ಜೊತೆ ಬೆರೆಸಿದ್ದು. ಅಕ್ಕಿ ಹಿಟ್ಟಿನದೂ ಸಿಗುತ್ತದೆ, ಹುಡುಕಿ ತಗೋಬೇಕು.

ಆದರೆ ನಮ್ಮನ್ನು ನಿಜವಾಗಿ ಸತಾಯಿಸಿದ್ದು ಗಿರಣಿ. ತಂಗಿ ಕೆಲಸ ಬಿಟ್ಟು ಮನೆಗೆ ಬಂದಳು. ಮುದ್ದೆ, ಜೋಳದ ರೊಟ್ಟಿ, ಅನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎಂಟು ತಿಂಗಳಾದರೂ ಟಿಟಿಜಿ ಅರ್ಧದಷ್ಟೂ ಇಳಿಯಲಿಲ್ಲ. ಕದ್ದು ಏನಾದರೂ ತಿಂತಿದ್ದೀಯಾ ಅಂತ ಕೇಳಿದ್ದಕ್ಕೆ ಅತ್ತಳು. ಕೊನೆಗೊಂದು ದಿನ ಜೋಳ ಬೀಸಿಸಲು ನಾನೇ ಹೋದೆ. ನನ್ನ ಮುಂದಿನವರದು ಹತ್ತು ಕಿಲೋ ಗೋಧಿ. ಅದು ಮುಗಿಯಿತು, ಗಿರಣಿಯವರು ಬಟ್ಟೆಯ ಚೀಲ ಎರಡು ಸಲ ಕೊಡವಿ ನನ್ನ ಜೋಳ ಸುರಿದರು. ಮೊದಲು ಬಿದ್ದ ಹಿಟ್ಟು ಬೆಚ್ಚಗೆ, ನಸುಗಂದು ಬಣ್ಣದ್ದು. ಆಮೇಲೆ ಮೆಲ್ಲಗೆ ಜೋಳದ ಬಿಳುಪು ಬಂತು. ಡಬ್ಬಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎಂಟು ತಿಂಗಳಿಂದ ಅವಳಿಗೆ ನಾವೇ ದಿನಾ ಗೋಧಿ ತಿನ್ನಿಸುತ್ತಿದ್ದೆವು.

ಸೀಲಿಯಾಕ್ ಇರುವವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೂಡ ಕರುಳು ಕೆಡಿಸಬಲ್ಲದು. ಚಪಾತಿಯ ಒಂದು ಸಣ್ಣ ಚೂರಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ನಿಯಮ. ನಾವು ಮನೆಗೇ ಒಂದು ಸಣ್ಣ ಹಿಟ್ಟಿನ ಗಿರಣಿ ತಂದೆವು. ಅದಕ್ಕೆ ಗೋಧಿ ಮುಟ್ಟಿಸಲಿಲ್ಲ. ಆರು ತಿಂಗಳಲ್ಲಿ ಟಿಟಿಜಿ ನಾರ್ಮಲ್ ಆಯಿತು, ಹಿಮೋಗ್ಲೋಬಿನ್ ಹನ್ನೆರಡು ದಾಟಿತು. ಥೈರಾಯ್ಡ್ ಮಾತ್ರೆ 125ರಿಂದ 75ಕ್ಕೆ ಇಳಿಯಿತು. ಥೈರಾಯ್ಡ್ ಹೋಗಿಲ್ಲ, ಅದು ಇರುತ್ತದೆ. ಮಾತ್ರೆ ಈಗ ಮೈಗೆ ಹತ್ತುತ್ತಿದೆ, ಅಷ್ಟೇ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಮಗುವಿಗೆ ಗೋಧಿ ತಡವಾಗಿ ಕೊಟ್ಟರೆ ತಪ್ಪಿಸಬಹುದಾ ಅಂತ ಒಬ್ಬ ತಾಯಿ ಕೇಳಿದರು. ಶುರು ಮಾಡುವ ತಿಂಗಳು ಹಿಂದೆ ಮುಂದೆ ಮಾಡಿದರೆ ಕಾಯಿಲೆ ತಪ್ಪುವುದಿಲ್ಲ ಅಂತ 2014ರ ಎರಡು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ, ಎದೆಹಾಲನ್ನು ಅದರ ಪಾಡಿಗೆ ಕೊಡುತ್ತಿರಿ ಅಂದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎಲ್ಲರೂ ಎದ್ದು ಹೋಗುವ ತನಕ ಕಾದಿದ್ದು ಹತ್ತಿರ ಬಂದರು. "ಮೇಡಂ, ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಇನ್ಸುಲಿನ್. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳಿ. ಶುಗರಿಗೆ ಒಳ್ಳೇದು ಅಂತ ಮೂರು ಹೊತ್ತೂ ಚಪಾತಿ ಕೊಡ್ತಿದ್ದೀವಿ."

ಅವಳಿಗೆ ಹೊಟ್ಟೆನೋವು ಇರಲಿ ಬಿಡಲಿ, ಪರೀಕ್ಷೆ ಮಾಡಿಸಲೇಬೇಕು ಅಂದೆ. ಟೈಪ್ 1 ಅಂತ ಗೊತ್ತಾದಾಗ ಒಂದು ಸಲ, ಎರಡು ವರ್ಷದೊಳಗೆ ಒಂದು ಸಲ, ಐದು ವರ್ಷಕ್ಕೆ ಮತ್ತೊಂದು ಸಲ ಮಾಡಿಸುವುದು ಪದ್ಧತಿ. ಅಲ್ಲಿವರೆಗೂ ಚಪಾತಿ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿದೆ. ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ನನ್ನ ಕೈಯಲ್ಲೇ ಬರೆಸಿಕೊಂಡರು: ಟಿಟಿಜಿ-ಐಜಿಎ, ಟೋಟಲ್ ಐಜಿಎ. ಆಮೇಲೆ ಮೇಜಿನ ಹತ್ತಿರ ಹೋಗಿ, ಬೋಗುಣಿಯ ಪಕ್ಕ ಉಳಿದಿದ್ದ ಆ ರಬ್ಬರಿನಂಥದ್ದನ್ನು ಎರಡು ಬೆರಳಲ್ಲಿ ಎತ್ತಿ ಎಳೆದು ನೋಡಿದರು.